ಗಾಜಿಗೆ ಬೆನ್ನು ಕೊಟ್ಟು ನಿಂತ ಮೇಷ್ಟ್ರು

ನನ್ನ ತಮ್ಮ ಚೆಸ್ ಮೇಷ್ಟ್ರು. ಅದೇ ಅವನ ಕೆಲಸ, ಅದೇ ಅವನ ಅನ್ನ. ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. ಕುದುರೆ ಹೇಗೆ ನಡೆಯುತ್ತದೆ ಎಂದು ಅವನು ಎಷ್ಟು ಸಲ ಹೇಳಿಕೊಟ್ಟರೂ ನನ್ನ ತಲೆಗೆ ಹತ್ತಲಿಲ್ಲ. ಆದರೆ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅವನ ಪಾಠ. ಅಡುಗೆಮನೆಯಲ್ಲಿ ನಿಂತರೆ ನೇರವಾಗಿ ಕಾಣುವುದು ಮಕ್ಕಳ ಬೆನ್ನು, ಕತ್ತು, ಕೈ. ಪಾತ್ರೆ ತೊಳೆಯುತ್ತಾ ಅವನ್ನು ನೋಡಿ ನೋಡಿ ನನಗೆ ಬಾಯಿಪಾಠವಾಗಿಬಿಟ್ಟಿದೆ.

ಮೊದಲು ಅವನಿಗೆ ಒಂದು ಅಚ್ಚುಮನೆಯಲ್ಲಿ ತಪ್ಪು ತಿದ್ದುವ ಕೆಲಸವಿತ್ತು. ಊಟದ ಹೊತ್ತಿನಲ್ಲಿ ಅಲ್ಲಿಯವರ ಜೊತೆ ಆಡುತ್ತ ಆಡುತ್ತ ದೊಡ್ಡ ಪಂದ್ಯಗಳಿಗೆ ಹೋಗುವಷ್ಟಾದ. ಒಮ್ಮೆ ಕೈಗೆ ಬಂದಿದ್ದ ಆಟದಲ್ಲಿ ಆತುರಪಟ್ಟು ಮುಟ್ಟಬಾರದ ಕಾಯಿ ಮುಟ್ಟಿದ. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಅದು ಆ ಆಟದ ಕಟ್ಟುಪಾಡು. ಬೆರಳು ತಾಗಿತೋ, ಮುಗಿಯಿತು. ಸೋತು ಮನೆಗೆ ಬಂದವನು ಎಷ್ಟೋ ದಿನ ತನ್ನ ಬಲಗೈಯನ್ನು ಯಾರದೋ ಕೈ ಎಂಬಂತೆ ನೋಡಿಕೊಳ್ಳುತ್ತಿದ್ದ. ಆಮೇಲೆ ತಾನು ಆಡುವುದನ್ನು ಬಿಟ್ಟು ಮಕ್ಕಳಿಗೆ ಕಲಿಸತೊಡಗಿದ. ಮದುವೆಯ ಮಾತೆತ್ತಿ ಬಂದವರು ಹುಡುಗ ಏನು ಮಾಡುತ್ತಾನೆ ಎಂದು ಕೇಳಿದರೆ ನಮ್ಮ ಯಜಮಾನರು, "ಕೂತಿರ್ತಾನೆ" ಎನ್ನುತ್ತಿದ್ದರು. ಬಂದವರು ಎದ್ದು ಹೋಗುತ್ತಿದ್ದರು. ಅವನಿಗೆ ಮದುವೆ ಆಗಲೇ ಇಲ್ಲ.

ಅವನ ಪಾಠದ ರೀತಿಯೇ ಬೇರೆ. ಮಗು ಬಂದ ತಕ್ಷಣ ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು. ನಡೆ ಮನಸ್ಸಿನಲ್ಲಿ ಗಟ್ಟಿಯಾದ ಮೇಲೆಯೇ ಕೈ ಹೊರಗೆ. ಅದಕ್ಕೂ ಮೊದಲು, ಎದುರಿನವರಿಗೆ ಏನು ಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಯಜಮಾನರು ಇದ್ದಾಗ ಇಣುಕಿ ನೋಡಿ, ಕಾವಿಗೆ ಕೂತ ಕೋಳಿಗಳ ಹಾಗಿವೆ ಎಂದು ನಗುತ್ತಿದ್ದರು. ಅಂದಿನಿಂದ ಮಕ್ಕಳ ಬಾಯಲ್ಲಿ ಇವನು ಕೋಳಿ ಮೇಷ್ಟ್ರು. ಮೊದಲ ತಿಂಗಳುಗಳಲ್ಲಿ ಹಲಗೆಯ ಮೇಲೆ ಎರಡು ರಾಜ, ಒಂದು ಕಾಲಾಳು, ಅಷ್ಟೇ. ದುಡ್ಡು ಕೊಟ್ಟು ಕಳಿಸುತ್ತಿದ್ದೇವೆ, ಇನ್ನೂ ರಾಣಿಯ ಮುಖ ತೋರಿಸಿಲ್ಲ ಎಂದು ಜಗಳಕ್ಕೆ ಬಂದ ತಂದೆಯರೂ ಇದ್ದಾರೆ. ಸೋತು ಬಂದ ಮಗುವಿಗೆ ಅವನು ಬೈಯುವುದಿಲ್ಲ, ತಪ್ಪನ್ನೂ ತೋರಿಸುವುದಿಲ್ಲ. ಆಟವನ್ನು ಮೊದಲಿಂದ ಮತ್ತೆ ಜೋಡಿಸು ಎನ್ನುತ್ತಾನೆ. ಜೋಡಿಸುತ್ತಾ ಜೋಡಿಸುತ್ತಾ ಮಗು ತಾನಾಗಿಯೇ ಒಂದು ಕಡೆ ನಿಲ್ಲುತ್ತದೆ. ಜೋಡಿಸಲು ಕೂರದ ಮಗು ಮತ್ತೆ ಬರುವುದಿಲ್ಲ ಎಂದು ಅವನ ಲೆಕ್ಕ, ಅದು ಸುಳ್ಳಾಗಿದ್ದನ್ನು ನಾನು ಕಂಡಿಲ್ಲ.

ಅವನ ಕೈಯಲ್ಲಿ ಪಳಗಿದವರಲ್ಲಿ ಇಬ್ಬರು ಹುಡುಗಿಯರು ಎಲ್ಲರಿಗಿಂತ ಮುಂದೆ. ಒಬ್ಬಳು ನನ್ನ ಮಗಳ ಮಗಳು, ಚಿನ್ನಿ. ಇನ್ನೊಬ್ಬಳು ಬೀದಿಯ ಕೊನೆಯ ಟೈಲರಮ್ಮನ ಮಗಳು. ಕಡ್ಡಿಯಂತಿದ್ದಾಳೆ, ಮಾತು ಚುಚ್ಚುತ್ತದೆ, ಅದಕ್ಕೇ ಎಲ್ಲರೂ ಅವಳನ್ನು ಸೂಜಿ ಎನ್ನುತ್ತಾರೆ. ಹೋದ ವರ್ಷ ಒಂದು ದೊಡ್ಡ ಪಂದ್ಯದಲ್ಲಿ ಕೊನೆಯ ಆಟಕ್ಕೆ ಈ ಇಬ್ಬರೂ ಎದುರುಬದುರಾದರು. ಗೆದ್ದವಳಿಗೆ ರಾಜ್ಯದ ತಂಡದಲ್ಲಿ ಉಳಿದಿದ್ದ ಒಂದೇ ಜಾಗ. ಸಮವಾದರೆ ಇಬ್ಬರಿಗೂ ಇಲ್ಲ, ಬೇರೊಬ್ಬಳಿಗೆ.

ಆ ಸುದ್ದಿ ಫೋನಿನಲ್ಲಿ ಬಂದ ಸಂಜೆ ಟೈಲರಮ್ಮ ಬಂದು ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನನ್ನ ಮಗಳ ತಲೇಲಿ ಏನಿದೆ ಅಂತ ನಿಮಗೆ ಪೂರಾ ಗೊತ್ತು. ಇವತ್ತು ನೀವೂ ನಿಮ್ಮ ಮೊಮ್ಮಗಳೂ ಒಂದೇ ಮನೇಲಿ ಊಟಕ್ಕೆ ಕೂರ್ತೀರಿ."

ಅವಳ ದನಿಯಲ್ಲಿ ಜಗಳವಿರಲಿಲ್ಲ, ಹೆದರಿಕೆಯಿತ್ತು. ತಮ್ಮ ಒಳಗೆ ಹೋಗಿ ದಿಂಬು, ಹೊದಿಕೆ ಸುತ್ತಿಕೊಂಡು ಬಂದ. ಅಚ್ಚುಮನೆಯ ಹಳೆಯ ಸ್ನೇಹಿತನ ಮನೆಯಲ್ಲಿ ಮಲಗುತ್ತೇನೆ, ಆಟ ಮುಗಿಯುವವರೆಗೆ ಇಬ್ಬರು ಹುಡುಗಿಯರ ಹತ್ತಿರವೂ ಮಾತಾಡುವುದಿಲ್ಲ ಎಂದ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದ ನನ್ನ ಮಗಳಿಗೆ ಮೈಯೆಲ್ಲ ಉರಿದುಹೋಯಿತು.

"ಮಾಮ, ಅವಳು ಹೆದರಿ ಕೂತಿದ್ದಾಳೆ. ಒಂದು ಮಾತು ಧೈರ್ಯ ಹೇಳಿ ಹೋಗಿ. ಸ್ವಂತ ಮಗು ಅಲ್ವಾ?"

"ಅದಕ್ಕೇ ಹೇಳೋ ಹಾಗಿಲ್ಲ ಕಣಮ್ಮ" ಎಂದ ತಮ್ಮ. ಚಪ್ಪಲಿ ಹಾಕಿಕೊಳ್ಳುವಾಗ ನನಗೊಬ್ಬಳಿಗೇ ಕೇಳುವಂತೆ ಹೇಳಿದ, "ಅಕ್ಕ, ನಾಳೆ ಯಾರು ಗೆದ್ದರೂ ನನ್ನ ಕೈ ಬಿಟ್ಟು ಒಬ್ಬಳು ಹೋಗ್ತಾಳೆ."

ಚಿನ್ನಿ ಕೋಣೆಯ ಬಾಗಿಲ ಸಂದಿಯಿಂದ ಅವನು ಹೋಗುವುದನ್ನೇ ನೋಡುತ್ತಿದ್ದಳು.

ಮರುದಿನ ಮಗಳಿಗೆ ರಜೆ ಸಿಗಲಿಲ್ಲ, ಚಿನ್ನಿಯ ಜೊತೆ ನಾನೇ ಹೋದೆ. ಆಡುವ ಹಾಲ್‌ಗೂ ಹೊರಗಿನ ಓಣಿಗೂ ನಡುವೆ ಉದ್ದಕ್ಕೂ ಗಾಜು. ಮೇಷ್ಟ್ರುಗಳು, ತಂದೆತಾಯಿಗಳು ಎಲ್ಲ ಈಚೆಗೆ. ಮಕ್ಕಳು ಕಷ್ಟ ಬಂದಾಗ ತಲೆಯೆತ್ತಿ ತಮ್ಮವರ ಮುಖ ಹುಡುಕುತ್ತವೆ. ಬೇರೆ ದಿನಗಳಲ್ಲಿ ನನ್ನ ತಮ್ಮ ಗಾಜಿನ ಹತ್ತಿರವೇ ನಿಲ್ಲುತ್ತಿದ್ದ, ಮುಖದಲ್ಲಿ ಏನೂ ತೋರಿಸದೆ. ಆವತ್ತು ಬಂದವನೇ ಗಾಜಿಗೆ ಬೆನ್ನು ಮಾಡಿ ಗೋಡೆ ನೋಡುತ್ತಾ ನಿಂತ. ಒಂದು ರೆಪ್ಪೆ ಹೊಡೆದರೂ ನಾಳೆ ಊರೆಲ್ಲ ಮಾತಾಗುತ್ತದೆ ಎಂಬ ದಿಗಿಲು ಅವನಿಗೆ. ಜೇಬಿನಲ್ಲಿ ಒಂದು ಕಾಲಾಳು ಇಟ್ಟುಕೊಂಡು ತಿರುವುತ್ತಿರುವುದು ಅವನ ಅಭ್ಯಾಸ. ಆ ಕಾಯಿಗೆ ಸವೆದು ತೂತಾಗಿದ್ದ ಜೇಬಿಗೆ ಎರಡು ಪದರ ಬಟ್ಟೆ ಕೊಟ್ಟು ಹೊಲಿದವಳು ಟೈಲರಮ್ಮನೇ. ಅವಳೂ ಈಗ ನನ್ನ ಪಕ್ಕದಲ್ಲಿ ನಿಂತು ಆ ಜೇಬು ಅಲುಗುವುದನ್ನು ನೋಡುತ್ತಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ತಡೆಯಲಾರದೆ ಕೇಳಿದ, "ಅಕ್ಕ, ಕೈ ಎಲ್ಲಿದೆ?"

"ಇಬ್ಬರದೂ ತೊಡೆ ಕೆಳಗೆ."

ಮತ್ತೆ ಸ್ವಲ್ಪ ಹೊತ್ತಿಗೆ ಕತ್ತು ಹೇಗಿದೆ ಎಂದ. ಚಿನ್ನಿಯದು ಮುಂದಕ್ಕೆ ಬಾಗಿದೆ ಎಂದೆ. ಸೂಜಿಯ ಕಾಲು ಅಲ್ಲಾಡುತ್ತಿದೆಯಾ ಎಂದ. "ಇಲ್ಲ ಮೇಷ್ಟ್ರೇ, ನಿಂತುಹೋಗಿದೆ" ಎಂದಳು ಟೈಲರಮ್ಮ. ಹಾಗೆ ಆಟದ ಗಂಧಗಾಳಿ ಇಲ್ಲದ ನಾವಿಬ್ಬರು ಹೆಂಗಸರು ಬೆನ್ನು, ಕಾಲು, ಕತ್ತು ಹೇಳುವುದು, ಅವನು ಗೋಡೆಯ ಮೇಲೆಯೇ ಆಟ ಕಂಡವನಂತೆ ಉಸಿರು ಎಳೆದುಕೊಳ್ಳುವುದು. ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಕೊನೆಗೆ ಇವರಿಬ್ಬರದೇ ಉಳಿಯಿತು. ಹಲಗೆಯ ಮೇಲೆ ಕಾಯಿಗಳೂ ಬೆರಳೆಣಿಕೆಯಷ್ಟೇ.

ಆಗ ಚಿನ್ನಿ ತಲೆಯೆತ್ತಿದಳು. ಗಾಜಿನ ಉದ್ದಕ್ಕೂ ಹುಡುಕಿದಳು. ನಾನು ಅವಳ ಕಣ್ಣಿಗೆ ಬಿದ್ದೆ, ಆದರೆ ಅವಳಿಗೆ ಬೇಕಾಗಿದ್ದುದು ನಾನಲ್ಲ. ಅವನ ಬೆನ್ನು ಸಿಕ್ಕಿತು. ಅದನ್ನೇ ನೋಡಿದಳು. ನೋಡುತ್ತಿದ್ದಂತೆ ಬಲಗೈ ತೊಡೆಯ ಕೆಳಗಿನಿಂದ ಈಚೆ ಬಂದು ಒಂದು ಕಾಯಿಯ ಮೇಲೆ ಕೂತಿತು, ಕೂತು ಅಲ್ಲೇ ನಿಂತುಬಿಟ್ಟಿತು.

"ಚಿನ್ನಿ ಕೈ ಹೊರಗೆ ತೆಗೆದಳು ಕಣೋ."

"ಯಾವ ಕಾಯಿ ಮೇಲೆ?"

"ಎಲ್ಲಕ್ಕಿಂತ ಎತ್ತರದ್ದು."

ಜೇಬಿನೊಳಗಿನ ಕೈ ನಿಂತಿತು. "ಅದಕ್ಕೆ ಮುಂಚೆ ಏನು ಮಾಡಿದಳು?"

ಸುಳ್ಳು ಹೇಳೋಣವೆನ್ನಿಸಿತು. ಬಾಯಿ ಬರಲಿಲ್ಲ. "ಈ ಕಡೆ ನೋಡಿದಳು."

ಮುಟ್ಟಿದ ಕಾಯಿಯನ್ನೇ ಚಿನ್ನಿ ನಡೆಸಬೇಕಾಯಿತು. ಸೂಜಿ ಗೆದ್ದಳು. ಟೈಲರಮ್ಮ ನಮ್ಮೆದುರು ನಗಲಾರದೆ ಚೀಲದ ಜಿಪ್ಪನ್ನು ಎಳೆಯುತ್ತಾ ಬಿಡುತ್ತಾ ನಿಂತಳು. ಆಮೇಲೆ ತಮ್ಮನ ಹತ್ತಿರ ಬಂದು, "ಸೋಮವಾರ ಇವಳನ್ನ ಕಳಿಸ್ಲಾ ಮೇಷ್ಟ್ರೇ?" ಎಂದಳು. ಎಂದಿನ ಹೊತ್ತಿಗೇ ಕಳಿಸು ಎಂದ. ಸೂಜಿಯ ಕಡೆಯ ಭಯ ಅಲ್ಲಿಗೆ ಮುಗಿಯಿತು. ಚಿನ್ನಿ ಮಾತ್ರ ಅವನನ್ನು ದಾಟಿ ಬಂದು ನನ್ನ ಕೈ ಹಿಡಿದಳು. ದಾರಿಯುದ್ದಕ್ಕೂ ಅವನು ಹಿಂದೆ, ನಾವು ಮುಂದೆ.

ಮನೆಯಲ್ಲಿ ಮಗಳೂ ಅವನ ಜೊತೆ ಮಾತು ಬಿಟ್ಟಳು. ಚಿನ್ನಿ ಮುಂದಿನ ಕೋಣೆಗೆ ಕಾಲಿಡಲಿಲ್ಲ. ಭಾನುವಾರವೂ ಹಾಗೇ ಕಳೆಯಿತು. ಅವನು ಒಮ್ಮೆಯೂ ಕರೆಯಲಿಲ್ಲ. ಕರೆದರೆ ಬರುತ್ತಾಳೆ, ಕರೆದದ್ದಕ್ಕೆ ಬಂದರೆ ಪ್ರಯೋಜನವಿಲ್ಲ ಎಂದ. ಹಾಗೆಂದವನು ಅಡುಗೆಮನೆಗೆ ಬಂದು ನೀರು ಕುಡಿಯುವುದು, ಹೋಗುವುದು, ಮತ್ತೆ ಬರುವುದು. ಅಷ್ಟು ನೀರು ಯಾರು ಕುಡಿಯುತ್ತಾರೆ?

ಸೋಮವಾರ ಮಕ್ಕಳು ಬರುವ ಹೊತ್ತಿಗಿನ್ನೂ ಸಮಯವಿತ್ತು. ಅವನು ನನ್ನ ಹತ್ತಿರ ಲೋಟ ಹಿಡಿದು ನಿಂತಿದ್ದಾಗ ಮುಂದಿನ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಮರದ ಮೇಲೆ ಕಾಯಿಗಳನ್ನು ಒಂದೊಂದಾಗಿ ಇಡುವ ಸದ್ದು. ಬಹಳ ಹೊತ್ತು ಕೇಳಿಸಿತು. ಆಮೇಲೆ ನಿಂತಿತು.

ಅವನು ತಿರುಗಿ ನೋಡಲಿಲ್ಲ. ಒಲೆಯ ಮೇಲಿನ ಗೋಡೆಯನ್ನೇ ನೋಡುತ್ತಾ ಕೇಳಿದ.

"ಅಕ್ಕ, ಕೈ ಎಲ್ಲಿದೆ?"

ನಾನು ಬಾಗಿಲಿಂದ ಇಣುಕಿ ಚಿನ್ನಿಯನ್ನು ನೋಡಿದೆ.

"ತೊಡೆ ಕೆಳಗೆ" ಎಂದೆ.