ಸಾವಿರ ಮೆಟ್ಟಿಲಿಗೆ ನಾಲ್ಕು ಹನಿ

ಮೊಮ್ಮಗಳು ನರ್ಸಿಂಗ್ ಪಾಸಾದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತೇನೆ ಎಂದು ಹರಕೆ ಹೊತ್ತಿದ್ದೆ. ಅವಳು ಪಾಸಾಗುತ್ತಾಳೆಂಬ ನಂಬಿಕೆ ಅಷ್ಟಾಗಿ ಇರಲಿಲ್ಲ, ಅದಕ್ಕೇ ಧಾರಾಳವಾಗಿ ಹೊತ್ತೆ. ಪಾಸಾಗಿಬಿಟ್ಟಳು. ನನಗೆ ಅರವತ್ತೊಂಬತ್ತು. ಬರೀ ಹತ್ತುವುದಾದರೆ ದೊಡ್ಡದಲ್ಲ, ಸಿದ್ಧಾರ್ಥನಗರದವರಿಗೆ ಬೆಟ್ಟ ಹಿತ್ತಲಿದ್ದ ಹಾಗೆ. ಹರಕೆ ಎಂದರೆ ಒಂದೊಂದು ಮೆಟ್ಟಿಲಿಗೂ ಬಗ್ಗಬೇಕು, ಅರಿಶಿನ ಬಳಿಯಬೇಕು, ಕುಂಕುಮ ಇಡಬೇಕು, ಏಳಬೇಕು. ಸಾವಿರ ಸಲ.

ಮೊಮ್ಮಗಳು ನನ್ನ ಬದಲು ತಾನೇ ಹಚ್ಚಿ ಬರುತ್ತೇನೆ ಎಂದಳು.

“ಹೊತ್ತಿದ್ದು ನನ್ ಬಾಯಿ ಕಣೆ. ಬಗ್ಗೋದೂ ನನ್ ಸೊಂಟಾನೇ,” ಎಂದೆ.

ಹಾಗಾದರೆ ತಯಾರಿ ಆಗಬೇಕು ಎಂದು ಅವಳು ತನ್ನ ಜಿಮ್ಮಿನ ವಿದ್ಯೆಯನ್ನೆಲ್ಲ ನನ್ನ ಮೇಲೆ ಪ್ರಯೋಗಿಸತೊಡಗಿದಳು. ವರಾಂಡದಲ್ಲಿ ದಿನಾ ಬಸ್ಕಿ. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬಿಟ್ಟಿದ್ದೇ ಬಸ್ಕಿ ಹೊಡೆಯಲಾರದೆ. ಮೊದಲ ದಿನ ಮೂವತ್ತು ಹೊಡೆದೆ. ಮಾರನೇ ಬೆಳಗ್ಗೆ ಕಮೋಡಿನ ಮೇಲೆ ಕೂತವಳು ಏಳಲಾಗಲಿಲ್ಲ. ಸೊಸೆಯನ್ನು ಕೂಗಿದೆ. ಅವಳು ನಗುತ್ತ ನಗುತ್ತ ಎಳೆಯಲಾರದೆ ಹೋದಳು, ಅವಳ ನಗು ನೋಡಿ ನನಗೆ ಏಳುವ ಶಕ್ತಿ ಇನ್ನಷ್ಟು ಹೋಯಿತು.

ವ್ಯಾಯಾಮದ ನೋವಿಗೆ ಜಿಮ್ಮಿನವರು ಸಿಬಿಡಿ ಅಂತ ಒಂದು ಎಣ್ಣೆ ತಗೊಳ್ಳುತ್ತಾರೆ ಎಂದು ಮೊಮ್ಮಗಳು ಹೇಳಿದಳು. ಯಾವುದರದ್ದು ಅಂದರೆ, ಭಂಗಿ ಸೊಪ್ಪಿನದಂತೆ. ಗಾಂಜಾ ಗಿಡವೇ, ಆದರೆ ಅಮಲಿನ ಅಂಶ ಇಲ್ಲದಷ್ಟು ಕಡಿಮೆ, ಡಾಕ್ಟರ ಚೀಟಿ ಬೇಕು ಎಂದಳು. ಜಯಲಕ್ಷ್ಮಿಪುರಂನ ಆಯುರ್ವೇದದ ಡಾಕ್ಟರ ಹತ್ತಿರ ಹೋದೆವು. ಅವರು ನನ್ನ ಬಿಪಿ ಮಾತ್ರೆಗಳನ್ನೆಲ್ಲ ನೋಡಿ, ಸಂಜೆ ನಾಲ್ಕು ಹನಿ ನಾಲಿಗೆಯ ಕೆಳಗೆ ಎಂದು ಬರೆದುಕೊಟ್ಟರು. ಕೆಲವರಿಗೆ ನೋವು ಇಳಿಯುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ, ತಲೆ ಸುತ್ತಿದರೆ ನಿಲ್ಲಿಸಿ ಎಂದರು. ಬಣ್ಣ ಹಚ್ಚದೆ ಹೇಳಿದ್ದಕ್ಕೆ ಆ ಮನುಷ್ಯ ನನಗೆ ಹಿಡಿಸಿದರು.

ಬೆಳಕು ಬೀಳದ ಕಡೆ ಇಡಿ ಎಂದು ಡಾಕ್ಟರು ಹೇಳಿದ್ದರಲ್ಲ, ಔಷಧಿಯನ್ನು ದೇವರ ಮನೆಯ ಗೂಡಿನಲ್ಲಿಟ್ಟೆ. ಸಂಜೆ ಬಸ್ಕಿ ಮುಗಿಸಿ, ಕಂದು ಶೀಸೆ ತೆಗೆದು, ನಾಲ್ಕು ಹನಿ ಬಿಟ್ಟುಕೊಂಡು, ಇನ್ನೇನು ಅಮಲು ಏರುತ್ತದೆ ಎಂದು ಗೋಡೆಗೊರಗಿ ಕಾದು ಕೂತೆ. ಏರಿಯೇಬಿಟ್ಟಿತು. ಫ್ಯಾನು ನೋಡಿದರೆ ನಗು, ಒಣಹಾಕಿದ ಲಂಗ ನೋಡಿದರೆ ನಗು. ಏನಾಯಿತು ಎಂದು ಬಂದ ಸೊಸೆಯ ಕೈ ಹಿಡಿದುಕೊಂಡೆ.

“ಇಪ್ಪತ್ತೈದು ವರ್ಷದಿಂದ ನಿನ್ ಸಾರು ಬರೀ ಹುಣಸೆ ನೀರು ಕಣಮ್ಮ. ಇವತ್ತು ಧೈರ್ಯ ಬಂತು, ಹೇಳ್ಬುಟ್ಟೆ.”

“ಆ ನೀರ್ನೇ ದಿನಾ ಎರಡೆರಡು ಸಲ ಹಾಕಿಸ್ಕೊಂಡು ಉಂಡಿದ್ದೀರಲ್ಲತ್ತೆ,” ಎಂದಳು ಅವಳು.

ಅದಕ್ಕೂ ನಕ್ಕೆವು. ಡ್ಯೂಟಿ ಮುಗಿಸಿ ಬಂದ ಮೊಮ್ಮಗಳು ಗಾಬರಿಯಿಂದ ದೇವರ ಮನೆಗೆ ಓಡಿ ಔಷಧಿ ಶೀಸೆ ತಂದು ತೋರಿಸಿದಳು. ಸೀಲೇ ಒಡೆದಿರಲಿಲ್ಲ. ದೀಪಕ್ಕೆ ಬಿಡುವಾಗ ಚೆಲ್ಲದಿರಲಿ ಎಂದು ಸೊಸೆ ಎಳ್ಳೆಣ್ಣೆಯನ್ನು ಅಂಥದ್ದೇ ಕಂದು ಬಣ್ಣದ ಹಳೇ ಟಾನಿಕ್ ಶೀಸೆಯಲ್ಲಿ, ರಬ್ಬರು ಮೂತಿಯ ಸಮೇತ ಇಟ್ಟಿರುತ್ತಾಳೆ. ನಾನು ತಗೊಂಡದ್ದು ಅದು.

“ದೀಪದೆಣ್ಣೆಗೇ ಇಷ್ಟು ಅಮಲಾ ಅಜ್ಜಿ ನಿಂಗೆ,” ಎಂದು ಅವಳು ನೆಲದ ಮೇಲೆ ಕೂತೇಬಿಟ್ಟಳು. ಸಾರಿನ ಮಾತನ್ನು ವಾಪಸು ತಗೊಳ್ಳುವ ದಾರಿ ನನಗೆ ಉಳಿಯಲಿಲ್ಲ.

ಮಾರನೇ ದಿನದಿಂದ ನಿಜವಾದ ಹನಿ. ಹಸಿ ಹುಲ್ಲಿನ ರುಚಿ, ಒಂದು ಸಣ್ಣ ನಗುವೂ ಬರಲಿಲ್ಲ. ವಾರದೊಳಗೆ ತೊಡೆಯ ನೋವು ಇಳಿಯಿತು. ಹನಿಯಿಂದಲೋ, ಸೊಸೆ ತಿಕ್ಕಿದ ಹರಳೆಣ್ಣೆಯಿಂದಲೋ, ಕಾಲಿಗೇ ಬಸ್ಕಿ ಒಗ್ಗಿತೋ, ಗೊತ್ತಿಲ್ಲ. ನರ್ಸಾದ ಮೊಮ್ಮಗಳಿಗೂ ಗೊತ್ತಿಲ್ಲ.

ತಿಂಗಳು ಕಳೆದು ಒಂದು ಶುಕ್ರವಾರ ಬೆಳಗಾಗುತ್ತಲೇ ಮೂವರೂ ಹೊರಟೆವು. ಸೊಸೆಯ ಕೈಯಲ್ಲಿ ಕಲಸಿದ ಅರಿಶಿನದ ಬಕೆಟ್ಟು, ಮೊಮ್ಮಗಳ ಕೈಯಲ್ಲಿ ಕುಂಕುಮದ ತಟ್ಟೆ. ಮುಕ್ಕಾಲು ದಾರಿಯ ದೊಡ್ಡ ನಂದಿಯವರೆಗೆ ಹುಡುಗಿಯ ಹಾಗೆ ಹೋದೆ. ಅದನ್ನು ದಾಟಿದ್ದೇ ತೊಡೆ ಗಡಗಡ ನಡುಗತೊಡಗಿತು. ಬಗ್ಗಿದರೆ ಮುಂದಕ್ಕೆ ಮುಗ್ಗರಿಸುವ ಹಾಗಾಯಿತು.

“ಸಾಕು ಕಣಜ್ಜಿ, ಮಿಕ್ಕಿದ್ದು ನಾನು ಹಚ್ತೀನಿ,” ಎಂದು ಮೊಮ್ಮಗಳು ಬಕೆಟ್ಟಿಗೆ ಕೈ ಹಾಕಿದಳು.

ಅವಳ ಕೈ ತಳ್ಳಿ ಮೆಟ್ಟಿಲ ಮೇಲೆ ಕುಕ್ಕರಿಸಿದೆ. ಕೂತ ಮೇಲೆ ಹೊಳೆಯಿತು, ಕೆಳಗಿನ ಮೆಟ್ಟಿಲು ಕೈಗೆ ಎಟುಕುತ್ತದೆ. ಅದಕ್ಕೆ ಹಚ್ಚಿ, ಕೈಯೂರಿ, ಅಂಡನ್ನು ಮೇಲಿನ ಮೆಟ್ಟಿಲಿಗೆ ಸರಿಸಿದೆ. ಬಿಟ್ಟು ಬಂದ ಮೆಟ್ಟಿಲಿಗೆ ಹಚ್ಚಿದೆ. ಹೀಗೆ ಹಿಮ್ಮುಖವಾಗಿ ಹೊರಟೆ. ಕೆಳಗೆ ಇಡೀ ಮೈಸೂರು ಕಾಣುತ್ತಿತ್ತು, ನನಗೆ ನಗು ತಡೆಯಲಾಗುತ್ತಿರಲಿಲ್ಲ. ಒಳ್ಳೆಯ ಬೂಟು ಹಾಕಿದ್ದ ಹೆಂಗಸೊಬ್ಬಳು ನಿಂತು, ದೇವಿಗೆ ಬೆನ್ನು ತೋರಿಸಬಾರದು ಎಂದು ಬುದ್ಧಿ ಹೇಳಿದಳು.

“ಇಷ್ಟ್ ದೂರ ಮುಖಾನೇ ತೋರ್ಸಿದ್ದೀನಿ ಕಣ್ರೀ. ಸ್ವಲ್ಪ ಹೊತ್ತು ಬೆನ್ನೂ ನೋಡ್ಲಿ,” ಎಂದೆ.

ಆಕೆ ಮೇಲಕ್ಕೆ ಹೋದಳು. ಸೊಸೆ ಬಕೆಟ್ಟು ಹಿಡಿದುಕೊಂಡೇ ನನ್ನ ಪಕ್ಕ ಕೂತು ತಾನೂ ಹಾಗೇ ಸರಿಯತೊಡಗಿದಳು. ಸೀರೆ ನೆಲ ಒರೆಸಿದ ಬಟ್ಟೆಯಾಯಿತು.

ಕೊನೆಯ ಮೆಟ್ಟಿಲಿಗೆ ಮಾತ್ರ ಎದ್ದು ನಿಂತು, ದೇವಿಯ ಕಡೆ ಮುಖ ಮಾಡಿ, ಬಗ್ಗಿ ಹಚ್ಚಿದೆ. ಹಚ್ಚಿದ್ದೇನೋ ಸರಿ, ಸೊಂಟ ನೆಟ್ಟಗಾಗಲಿಲ್ಲ. ಹಾಗೇ ಬಗ್ಗಿಕೊಂಡು ಗುಡಿಯ ಕಡೆ ನಡೆದೆ. ಎಂಥ ಭಕ್ತಿ ಎಂದುಕೊಂಡು ಜನ ಕೈಮುಗಿದು ದಾರಿ ಬಿಟ್ಟರು.