ಅಂಟಿನುಂಡೆಯ ಅಂಟು

ಪರದೆಯ ಹಸಿರು ಉದುರಿದ್ದು ಹರುಕೊ ಸೆನ್ಸೈ ಅವರ ಕೈಗೆ ವಯಸ್ಸಾಗಿದ್ದರಿಂದಲ್ಲ, ನನ್ನಿಂದ. ಇಷ್ಟು ವರ್ಷ ಈ ಮಾತನ್ನು ನುಂಗಿಕೊಂಡು ಕೂತಿದ್ದೆ.

ಸೆನ್ಸೈ ಎಂದರೆ ಗುರು. ಕ್ಯೋಟೋದ ಅರಮನೆಗೆ ತಲೆಮಾರುಗಳಿಂದ ಚಿತ್ರ ಬರೆದುಕೊಟ್ಟ ಮನೆತನದವರು. ಆಗ ಅಮೆರಿಕದ ಪ್ರಿನ್ಸ್‌ಟನ್ನಿನ ತಮ್ಮ ಗ್ಯಾರೇಜಿನಲ್ಲಿ ಶನಿವಾರದ ಪಾಠ ನಡೆಸುತ್ತಿದ್ದರು. ಬಿಪಿ ಇಳಿಸಲು ಹವ್ಯಾಸ ಬೇಕೆಂದು ಡಾಕ್ಟರು ಹೇಳಿದ್ದಕ್ಕೆ ನಾನು ಸೇರಿದ್ದೆ. ಹವ್ಯಾಸದಿಂದಲೇ ಬಿಪಿ ಏರಿಸಿಕೊಂಡವನು ನಾನೊಬ್ಬನೇ ಇರಬೇಕು.

ಅರಮನೆಯ ಪದ್ಧತಿಯಲ್ಲಿ ಗೆರೆ ಗುರುವಿನದು; ಕಲ್ಲಿನ ಬಣ್ಣ ಅರೆಯುವುದು, ಅದು ಹಿಡಿದು ನಿಲ್ಲಲು ಅಂಟು ಕಾಯಿಸುವುದು ಶಿಷ್ಯರ ಪಾಲು. ಲೈಬ್ರರಿಯ ಪ್ರದರ್ಶನಕ್ಕೆಂದು ಸೆನ್ಸೈ ಮಡಿಸುವ ಪರದೆಯ ಮೇಲೆ ಪೈನ್ ಮರ ಬರೆಯುತ್ತಿದ್ದರು. ನನಗೆ ಅಂಟಿನ ಕೆಲಸ ಬಂತು. ಅದು ದನದ ಚರ್ಮ ಬೇಯಿಸಿ ತೆಗೆದ ಅಂಟು. ನಾನೋ ಧಾರವಾಡದ ಮಡಿ ಮನೆಯವನು, ಚೀಸ್ ಪೊಟ್ಟಣದ ಹಿಂದಿನ ಸಣ್ಣಕ್ಷರವನ್ನೂ ಓದದೆ ಕೊಳ್ಳದವನು — ಮುಟ್ಟಲು ಮನಸ್ಸಿಲ್ಲ, ಹೇಳಲು ಧೈರ್ಯವಿಲ್ಲ. ಅಂಟಿನುಂಡೆಗೆಂದು ಐಸೆಲಿನ್‌ನ ಇಂಡಿಯನ್ ಅಂಗಡಿಯಿಂದ ತಂದಿಟ್ಟಿದ್ದ ಮರದ ಅಂಟನ್ನು ಗುಟ್ಟಾಗಿ ಕರಗಿಸಿ ಒಯ್ದೆ.

"ಏನ್ರೀ, ಉಂಡಿಗೆ ಇಟ್ಟಿದ್ದ ಅಂಟು ಎಲ್ಲಿ ಹೋತು?" ಎಂದಳು ಹೆಂಡತಿ.

"ಇಲಿ ತಿಂದಿರಬೇಕು."

"ಯಾಕ, ಈ ಮಾನ್ಮತ್ ಜಂಕ್ಷನ್ ಊರಿನ ಇಲೀಗೂ ಬಾಣಂತನ ನಡದದೇನು?"

ಪ್ರದರ್ಶನದ ಬೆಳಿಗ್ಗೆ, ಹೀಟರಿನ ಒಣಗಾಳಿಗೆ ಮರದ ಹಸಿರೆಲ್ಲ ಪುಡಿಯಾಗಿ ನೆಲದ ಮೇಲಿತ್ತು. ಸೆನ್ಸೈ ಬಾಗಿ ಅದನ್ನು ಬೆರಳಲ್ಲಿ ಮುಟ್ಟಿ, "ನನ್ನ ಕೈಗೆ ವಯಸ್ಸಾಯಿತು" ಎಂದರು. ಆಮೇಲೆ ಕುಂಚ ಹಿಡಿಯಲಿಲ್ಲ; ಪಾಠವೂ ನಿಂತಿತು. ನಾನು — ಪೊರಕೆ ತಂದು ಗುಡಿಸಿದೆ. ಅಷ್ಟೇ.

ಮೊನ್ನೆ ಸೆನ್ಸೈ ಫೋನ್ ಮಾಡಿ, ಕುಂಚಗಳನ್ನೆಲ್ಲ ಹಂಚಿಬಿಡುತ್ತಿದ್ದೇನೆ, ಬಂದು ಒಂದನ್ನು ಆರಿಸಿಕೋ ಎಂದರು. ಹೋದೆ. ಆರಿಸಿಯೂ ಬಿಟ್ಟೆ, ನಾಚಿಕೆಗೆಟ್ಟವನು. ಕೈಯಲ್ಲಿ ಹಿಡಿದಾಗ ಮಾತ್ರ ಬಾಯಿ ತಾನಾಗಿ ತೆರೆಯಿತು; ಅಂಟು ಬದಲಿಸಿದ್ದನ್ನೆಲ್ಲ ಹೇಳಿಬಿಟ್ಟೆ.

ಕೇಳಿದವರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು.

"ಹಾಗಾದರೆ ನನ್ನ ಕೈ ಚೆನ್ನಾಗಿಯೇ ಇತ್ತು?"

"ಇತ್ತು."

"ದಡ್ಡ. ಹೇಳಿದ್ದರೆ ಅಂಟಿಗೆ ಬೇರೆಯವರನ್ನು ಹಾಕುತ್ತಿದ್ದೆ."

ನನ್ನ ಕೈಯಲ್ಲಿದ್ದ ಕುಂಚವನ್ನು ಕಿತ್ತುಕೊಂಡರು. ಬೈಯುತ್ತಿದ್ದರು, ನಗುತ್ತಲೂ ಇದ್ದರು — ನಾನೂ ನಕ್ಕೆ, ಕಣ್ಣು ಒರೆಸಿಕೊಂಡೆ. ಅವರು ಕಾಗದ ಹಾಸಿ, ಒಂದೇ ಉಸಿರಿಗೆ ಕೊಂಬೆಯೊಂದನ್ನು ಎಳೆದರು. ಎಲ್ಲಿಯೂ ತಡವರಿಸದ ಗೆರೆ. ನೋಡುತ್ತ ನಿಂತವನಿಗೆ ಹಿಗ್ಗು. ಅದರ ಜೊತೆಗೇ — ನನ್ನ ಮೌನದ ವರ್ಷಗಳಲ್ಲಿ ಇಂಥವು ಎಷ್ಟು ಬರೆಯದೇ ಉಳಿದವೋ.

ಶನಿವಾರ ಪಾಠ ಮತ್ತೆ ಶುರು. ಬಣ್ಣ ಅರೆಯಲು ನಾನು ಬೇಗ ಹೋಗಬೇಕು.