ನೀಲಕ್ಕ ಕಟ್ಟಿದ ತುರುಬು

ನಮ್ಮ ಅಕ್ಕ ನೀಲವ್ವನ ತಲೆಯ ಮೇಲೆ ಕೂದಲಿರಲಿಲ್ಲ. ಎಡಗಿವಿಯ ಮೇಲ್ಗಡೆ ಒಂದು ಮುಷ್ಟಿಯಷ್ಟು ಉಳಿದಿತ್ತು, ಅಷ್ಟೇ. ಆದರೂ ಬೆಳಗಾವಿಯ ವಡಗಾವಿಯ ನಮ್ಮ ಓಣಿಯಲ್ಲಿ ಅವಳ ಹತ್ತಿರ ಇದ್ದಷ್ಟು ಹಣಿಗೆ ಬೇರೆ ಯಾರ ಹತ್ತಿರವೂ ಇರಲಿಲ್ಲ. ಸಿಕ್ಕು ಬಿಡಿಸಲು ಅಗಲ ಹಲ್ಲಿನದು, ಬೈತಲೆ ತೆಗೆಯಲು ಚೂಪು ಹಿಡಿಕೆಯದು, ಹೇನಿಗೆ ಕಟ್ಟಿಗೆಯದು. ಎಲ್ಲವೂ ಒಂದು ಹಳೆಯ ಬಿಸ್ಕೀಟ್ ಡಬ್ಬಿಯಲ್ಲಿ. ಮುಂಜಾನೆ ಆ ಡಬ್ಬಿ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತಳೆಂದರೆ ಸಾಲೆಗೆ ಹೋಗುವ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಅವಳ ಮೊಣಕಾಲುಗಳ ನಡುವೆ ಬೆನ್ನು ಮಾಡಿ ಕೂಡುತ್ತಿದ್ದರು. "ಅಳ್ಳಾಡಬ್ಯಾಡ. ಇದು ತಲಿ ಐತಿ, ಬುಗುರಿ ಅಲ್ಲ" ಎಂದು ಹಣಿಗೆಯಿಂದಲೇ ಒಂದು ಕುಟ್ಟುವಳು.

ಅವಳ ಸೆರಗು ತಲೆಯಿಂದ ಜಾರಿದ್ದನ್ನು ಯಾರೂ ಕಂಡಿಲ್ಲ. ರೊಟ್ಟಿ ಬಡಿಯುವಾಗ, ಮಲಗಿದಾಗ, ಆಷಾಢದ ಗಾಳಿಯಲ್ಲಿ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ, ಎಲ್ಲಿಯೂ ಇಲ್ಲ. ಅದು ಹೇಗೆ ನಿಲ್ಲುತ್ತಿತ್ತೆಂದು ನನಗೆ ಅವಳ ಕೊನೆಯ ದಿನದವರೆಗೂ ತಿಳಿಯಲಿಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದರೂ ಅವಳು ಬದುಕಿರುವಾಗ ಅವಳ ಬರಿ ತಲೆಯನ್ನು ನಾನು ನೋಡಿದ್ದು ಎರಡು ಸಲ.

ನಾವು ಮೂಲತಃ ಖಾನಾಪುರದವರು. ಅಪ್ಪ ಬೇಗ ಹೋಗಿಬಿಟ್ಟಿದ್ದ. ಹೊಳೆಯ ದಾರಿಯಲ್ಲಿದ್ದ ಅಕ್ಕಿ ಗಿರಣಿಯಲ್ಲಿ ಅಕ್ಕ ತೌಡು ಗುಡಿಸುತ್ತಿದ್ದಳು, ಅವಳ ದುಡಿಮೆಯ ಮೇಲೆ ನಾನು ಸಾಲೆಗೆ ಹೋಗುತ್ತಿದ್ದೆ. ಸೊಂಟ ದಾಟುವ ಜಡೆ ಇತ್ತು ಅವಳಿಗೆ. ಒಂದು ದಿನ ಓಡುತ್ತಿದ್ದ ಯಂತ್ರದ ಗಾಲಿ ತಿರುಗಿಸುವ ಪಟ್ಟಾದ ಕೆಳಗೆ ಬಗ್ಗಿ ಗುಡಿಸುವಾಗ ಜಡೆ ಮುಂದಕ್ಕೆ ಜಾರಿತು. ಪಟ್ಟಾ ಎಳೆದುಕೊಂಡಿತು. ಜಡೆಯ ಜೊತೆ ತಲೆಯ ಚರ್ಮವೂ ಹೋಯಿತು. ಗಿರಣಿಯವರು ಯಂತ್ರ ನಿಲ್ಲಿಸಿ, ಗಾಲಿಗೆ ಸುತ್ತಿಕೊಂಡದ್ದನ್ನು ಬಿಡಿಸಿ, ಗೋಣಿತಟ್ಟಿನಲ್ಲಿ ಸುತ್ತಿ ಅವ್ವನ ಕೈಗೆ ಕೊಟ್ಟರು. ತುದಿಯಲ್ಲಿ ಕೆಂಪು ರಿಬ್ಬನ್ನು ಕಟ್ಟಿದ ಹಾಗೆಯೇ ಇತ್ತು. ಅದನ್ನು ಏನು ಮಾಡಬೇಕೆಂದು ಅವ್ವನಿಗೆ ಯಾರೂ ಹೇಳಲಿಲ್ಲ. ಅವಳು ಮಲಪ್ರಭೆಗೆ ಬಿಟ್ಟು ಬಂದಳು.

ಬೆಳಗಾವಿಯ ದವಾಖಾನೆಯಲ್ಲಿ ತೊಡೆಯ ಚರ್ಮ ತೆಗೆದು ತಲೆಗೆ ಹಚ್ಚಿದರು. ಪಟ್ಟಿ ಬಿಚ್ಚುವಾಗ ಡಾಕ್ಟರಕಿ ಕಲಿಯುವ ಹುಡುಗರು ಮಂಚದ ಸುತ್ತ ನಿಂತು ನೋಡಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅದು ಮೊದಲನೆಯ ಸಲ. ಅಕ್ಕ ಕಣ್ಣು ಮುಚ್ಚಲಿಲ್ಲ. ನೋಡುತ್ತಿದ್ದ ಒಬ್ಬೊಬ್ಬರ ಮುಖವನ್ನೂ ತಿರುಗಿ ನೋಡುತ್ತಿದ್ದಳು. ಮನೆಗೆ ಬಂದ ಮೇಲೆ ಅಂದಳು: "ಊರ ಮಂದಿ ಎಲ್ಲಾ ನೋಡಿದಂಗಾತು. ಇನ್ನ ಯಾರಿಗೂ ತೋರಸಂಗಿಲ್ಲ." ಆ ಮಾತನ್ನು ಅವಳು ಕೊನೆಯವರೆಗೂ ಹಿಡಿದಳು. ಆ ಮಾತೇ ಅವಳನ್ನು ತಿಂದಿತು.

ಗೊತ್ತುಮಾಡಿದ್ದ ಗಂಡಿನ ಕಡೆಯವರು ಮತ್ತೆ ಬರಲಿಲ್ಲ. ನಾನು ಏಳನೆಯ ಇಯತ್ತೆಯಲ್ಲಿ ಪಾಟಿಚೀಲ ಗೂಟಕ್ಕೆ ಹಾಕಿ ವಡಗಾವಿಗೆ ಬಂದು ನೇಕಾರರ ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತಲು ನಿಂತೆ. ಯಾರ ಬಾಗಿಲಿಗೂ ಕೈಚಾಚಿ ಹೋಗಲಿಲ್ಲ. ಕಂಡಿಕೆಯಿಂದ ಮಗ್ಗಕ್ಕೆ, ಬಾಡಿಗೆ ಮಗ್ಗದಿಂದ ಸ್ವಂತ ಪವರ್‌ಲೂಮಿಗೆ ಬಂದೆ. ಅವ್ವ ತೀರಿಕೊಂಡ ಮೇಲೆ ಅಕ್ಕನನ್ನು ಕರೆದುತಂದೆ.

ನಮ್ಮ ಶೆಡ್ಡಿನಲ್ಲಿ ಮೋಟಾರು, ಮೋಟಾರಿಗೆ ಪಟ್ಟಾ. ಬಂದ ದಿನ ಅಕ್ಕ ಅದನ್ನು ನೋಡಿ ಹೊಸ್ತಿಲಲ್ಲೇ ನಿಂತಳು, ಒಳಗೆ ಕಾಲಿಡಲಿಲ್ಲ. ಮರುದಿನದಿಂದ ಕೆಲಸಕ್ಕೆ ಬರುವ ಹೆಣ್ಣುಮಕ್ಕಳನ್ನು ಆ ಹೊಸ್ತಿಲಲ್ಲೇ ತಡೆದು ತಲೆ ನೋಡತೊಡಗಿದಳು. ಜಡೆ ಇಳಿಬಿಟ್ಟವರನ್ನು ಹಿಡಿದು ಕೂಡಿಸಿ, ಬಿಗಿಯಾಗಿ ತುರುಬು ಕಟ್ಟಿಯೇ ಒಳಗೆ ಬಿಡುತ್ತಿದ್ದಳು. ಕಂಡಿಕೆ ಸುತ್ತುವ ಮಹಾದೇವಿ ಒಮ್ಮೆ ಅಂದಳು: "ಯವ್ವಾ ನೀಲಕ್ಕಾ, ಪೊಲೀಸರೂ ಇಷ್ಟ ತಡಿಯೂದಿಲ್ಲ. ಎಷ್ಟ ಬಿಗೀತಿಬೇ, ಕಣ್ಣು ಹಣಿ ಮ್ಯಾಲೆ ಹೊಂಟಾವು."

"ಕಣ್ಣು ಹೋದ್ರ ಹೋಗ್ಲಿ. ತಲಿ ಉಳೀತೈತಲ್ಲ" ಎಂದಳು ಅಕ್ಕ. ಎಲ್ಲರೂ ನಕ್ಕರು. ಅಕ್ಕ ನಗದೆ ಇನ್ನೊಂದು ಪಿನ್ನು ಚುಚ್ಚಿದಳು. ನಮ್ಮ ಶೆಡ್ಡಿನಲ್ಲಿ ಇವತ್ತಿನವರೆಗೆ ಯಾರ ಕೂದಲೂ ಪಟ್ಟಾಕ್ಕೆ ಸಿಕ್ಕಿಲ್ಲ.

ಸಂಬಂಧಿಕರ ಮದುವೆಗೆಂದು ಒಮ್ಮೆ ಎಲ್ಲರೂ ಖಾನಾಪುರಕ್ಕೆ ಹೋಗಿದ್ದೆವು. ಅಕ್ಕ ಗಿರಣಿಯ ದಾರಿ ಬಿಟ್ಟು ಸ್ಟೇಶನ್ನಿನ ಕಡೆಯಿಂದ ಸುತ್ತು ಹಾಕಿ ಹೊಳೆಗೆ ಬಂದಳು. ನನ್ನ ಮಗಳು ಸಂಜನಾ ಆಗ ಸಣ್ಣವಳು, ನೀರಿನಲ್ಲಿ ಕಾಲು ಬಿಟ್ಟು ಕೂತಿದ್ದಳು.

"ನನ್ನ ಜಡಿ ಈ ನೀರಾಗ ಹೋಗೇತಿ ನೋಡು" ಎಂದಳು ಅಕ್ಕ.

"ಎಲ್ಲಿಗಿ ಹೋಗೇತಿ ಅತ್ಯಾ?"

"ಕೆಳಗ, ಸವದತ್ತಿ ಕಡೆ. ಅಲ್ಲೆ ಡ್ಯಾಮ್ ಕಟ್ಯಾರಂತ. ಮುಂದ ಹೋಗಾಕ ದಾರಿ ಇಲ್ಲ, ಅಲ್ಲೇ ಕುಂತಿರಬೇಕು ಅದು." ಇಷ್ಟು ಹೇಳಿ ಹುಡುಗಿಯ ತಲೆ ಮುಟ್ಟಿ ನೋಡಿ, ಸಡಿಲಾಗಿದ್ದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದಳು.

ಸಂಜನಾ ದೊಡ್ಡವಳಾಗುತ್ತ ಬ್ಯಾಲೆ ಕಲಿಯುತ್ತೇನೆಂದಳು. ಅದು ಪರದೇಶದ ಕುಣಿತವಂತೆ, ಹೇಗಿರುತ್ತದೆಂದು ನನಗೂ ಗೊತ್ತಿರಲಿಲ್ಲ. ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಗೋವಾ ಕಡೆಯ ಟೀಚರೊಬ್ಬರು ಶನಿವಾರ ಕಲಿಸುತ್ತಿದ್ದರು, ಅವಳ ಗೆಳತಿ ಹೋಗುತ್ತಿದ್ದಳು. ನೇಕಾರರ ಹುಡುಗಿಗೆ ಇದೆಲ್ಲ ಯಾಕೆ ಎಂದು ಓಣಿಯಲ್ಲಿ ಒಬ್ಬಿಬ್ಬರು ಕೇಳಿದರು. ಹಾಗೆ ಕೇಳಿದ್ದಕ್ಕೇ ನಾನು ಹೆಸರು ಹಚ್ಚಿಸಿದೆ.

ಟೀಚರ್ ಮೊದಲೇ ಹೇಳಿದ್ದರು: ಕೂದಲನ್ನು ಎತ್ತರಕ್ಕೆ ತುರುಬು ಕಟ್ಟಬೇಕು, ಕುತ್ತಿಗೆಯ ಮೇಲೆ ಒಂದು ಎಳೆಯೂ ಇರಬಾರದು, ಗಿರಗಿರ ತಿರುಗಿದರೂ ಬಿಚ್ಚಬಾರದು. ನನ್ನ ಹೆಂಡತಿ ಸುಜಾತಾ ಮೊಬೈಲಿನಲ್ಲಿ ನೋಡಿ ನೋಡಿ ಕಟ್ಟಿ ಕಳಿಸಿದಳು. ಕ್ಲಾಸಿನಲ್ಲಿ ತಿರುಗಲು ಹತ್ತಿದೊಡನೆ ಬಿಚ್ಚಿ ಹೆಗಲ ಮೇಲೆ ಬಿತ್ತು. ಹುಡುಗಿಯನ್ನು ಬದಿಗೆ ಕೂಡಿಸಿದರಂತೆ. ಅಳುತ್ತ ಮನೆಗೆ ಬಂದಳು. ಅಕ್ಕ ಡಬ್ಬಿ ತೆಗೆದು, "ಬಾ ಇಲ್ಲೆ, ಕುಂದರ್" ಎಂದಳು.

ಅಂದಿನಿಂದ ಶನಿವಾರದ ತುರುಬು ಅಕ್ಕನದು. ಹಿಂದಿನ ದಿನವೇ ಅಗಸಿ ಬೀಜ ಕುದಿಸಿ, ಅರಿವೆಯಲ್ಲಿ ಹಿಂಡಿ, ಲೋಳೆ ತೆಗೆದಿಡುವಳು. ನಾವು ನೂಲಿಗೆ ಗಂಜಿ ಹಚ್ಚುವ ಹಾಗೆ ಅದನ್ನು ಬುಡದಿಂದ ತುದಿಯವರೆಗೆ ಬೆರಳಿನಿಂದ ಎಳೆಯುವಳು. ಕೂದಲನ್ನು ಎತ್ತಿ ಕಟ್ಟಿ, ಹೊಸೆದು, ಚಕ್ಕುಲಿಯ ಹಾಗೆ ಸುತ್ತಿ, ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿ ಮೇಲೆ ಬಲೆಯಂಥ ಜಾಳಿಗೆ ಹಾಕುವಳು. ಪಿನ್ನನ್ನು ಮೊದಲು ತುರುಬಿನ ಅಂಚಿಗೆ ಸಿಕ್ಕಿಸಿ, ಮಗುಚಿ, ಆಮೇಲೆ ಒಳಗೆ ತಳ್ಳುವಳು. ಹಾಗೆ ಹಾಕಿದ್ದು ಬೀಳುವುದಿಲ್ಲ. ಪಿನ್ನು ತರಲು ನನ್ನನ್ನು ರವಿವಾರ ಪೇಟೆಯ ಸಗಟು ಅಂಗಡಿಗೆ ಕಳಿಸಿದ್ದಳು. ಅಲ್ಲಿ ಬಿಡಿಯಾಗಿ ಕೊಡಲಿಲ್ಲ, ದೊಡ್ಡ ಡಬ್ಬಿಯನ್ನೇ ಹೊತ್ತು ತಂದೆ. "ಏನಪಾ ಬಸು, ಓಣಿಗೆಲ್ಲಾ ಮದಿವಿ ಐತೇನು?" ಎಂದು ಅವಳು ನಕ್ಕದ್ದು ನನಗೆ ನೆನಪಿದೆ. ನಗುವುದು ಅಪರೂಪ.

ಕಟ್ಟಿ ಮುಗಿದ ಮೇಲೆ ಕುತ್ತಿಗೆಯ ಹಿಂದೆ ಬೆರಳಾಡಿಸುವಳು.

"ಏನರ ಉಳದೈತೇನ ಅತ್ಯಾ?"

"ಉಳದ ಇರತೈತಿ. ನಿಂದರ."

ಒಂದಾದರೂ ಎಳೆ ಸಿಕ್ಕೇ ಸಿಗುವುದು. ಅದಕ್ಕೆ ಲೋಳೆ ಹಚ್ಚಿ ಒಳಗೆ ಸೇರಿಸಿದ ಮೇಲೆಯೇ "ಹೂಂ, ಹೋಗು" ಅನ್ನುವಳು.

ಒಮ್ಮೆ ಕ್ಲಾಸು ನೋಡಲು ಅವಳನ್ನೂ ಗಾಡಿಯ ಮೇಲೆ ಕರೆದೊಯ್ದೆ. ಕಿಟಕಿಯಾಚೆ ನಿಂತು ಬಹಳ ಹೊತ್ತು ನೋಡಿದಳು. "ಇದೇನ ಕುಣಿತೋ, ನೆಲದ ಮ್ಯಾಲೆ ಮುಳ್ಳ ಚೆಲ್ಲಿದಂಗ ತುದಿಗಾಲಾಗ ನಡಿಯೂದು" ಎಂದಳು. ಆದರೆ ತಿರುಗಿ ಬರುವಾಗ ನನ್ನ ಬೆನ್ನಿನ ಹಿಂದಿನಿಂದ ಅವಳ ದನಿ ಬೇರೆಯಾಗಿತ್ತು. "ಇಷ್ಟ ವರ್ಷ ಎಲ್ಲಾರಿಗೂ ಅಂಜಿಕಿಗಿ ಕಟ್ಟೇನಿ, ಬಸು. ಇದೊಂದ ಚಂದಕ್ಕ ಕಟ್ಟೂದು."

ಕ್ಲಾಸಿನವರು ಒಂದು ಸಭಾಭವನದಲ್ಲಿ ಕಾರ್ಯಕ್ರಮ ಇಟ್ಟರು. ಸಂಜನಾ ಮೊದಲ ಸಲ ವೇದಿಕೆ ಏರುವವಳಿದ್ದಳು. ಅದಕ್ಕೂ ಮುಂಚಿನ ಕೆಲವು ತಿಂಗಳು ಅಕ್ಕ ಸೆರಗಿನ ಅಂಚಿಗೆ ಕರ್ಪೂರ ಕಟ್ಟಿಕೊಳ್ಳುತ್ತಿದ್ದಳು. ಯಾಕೆಂದು ಕೇಳಿದೆ. "ಹೇನಿನ ಹುಡುಗ್ಯಾರ ತಲಿ ಮುಟ್ಟತೇನಿ. ನನಗ ಹತ್ತಬಾರದಲ್ಲ" ಎಂದಳು. ಕೂದಲಿಲ್ಲದ ತಲೆಗೆ ಹೇನು ಹೇಗೆ ಹತ್ತುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ. ಸಂಜನಾ ಕನ್ನಡಿಯ ಮುಂದಿನ ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂಡತೊಡಗಿದ್ದೂ ಆಗಲೇ. ಮಕ್ಕಳ ಆಟ ಎಂದುಕೊಂಡೆ.

ಕಾರ್ಯಕ್ರಮದ ದಿನ ಅಕ್ಕ ಎಂದಿಗಿಂತ ನಿಧಾನವಾಗಿ ಕಟ್ಟಿದಳು. ಸಭಾಭವನದ ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ ಕೂತಳು. ಬಿಳಿ ಬಟ್ಟೆಯ ಹುಡುಗಿಯರು ಬಂದರು, ನಮ್ಮವಳು ನಡುವೆ ನಿಂತು ಒಂದೇ ಕಾಲಿನ ಮೇಲೆ ಸುತ್ತು ಸುತ್ತು ತಿರುಗಿದಳು. ತುರುಬು ಅಲುಗಲಿಲ್ಲ. ಅಕ್ಕನ ಒಂದು ಕೈ ಸೆರಗಿನ ಮೇಲಿತ್ತು. ಮಂದಿ ಚಪ್ಪಾಳೆ ತಟ್ಟುವಾಗ ಅವಳು ತಟ್ಟಲಿಲ್ಲ, ಆ ಕೈ ತೆಗೆಯಲಿಲ್ಲ.

ಮರುದಿನ ಮುಂಜಾನೆ ನಾನು ಮಗ್ಗದ ಮುಂದಿದ್ದೆ. ಅಕ್ಕ ಶೆಡ್ಡಿನ ಹೊಸ್ತಿಲಿಗೆ ಬಂದು ಅಂದಳು: "ಮಷಿನ್ ಬಂದ್ ಮಾಡು. ದವಾಖಾನಿಗಿ ಹೋಗೂಣು."

ಅಲ್ಲಿ ಎರಡನೆಯ ಸಲ ಅವಳ ತಲೆ ನೋಡಿದೆ. ಏನು ನೋಡಿದೆನೆಂದು ಬರೆಯಲಾರೆ. ಕರ್ಪೂರ ಯಾವ ವಾಸನೆ ಮುಚ್ಚಲಿಕ್ಕೆಂದು ಆಗ ತಿಳಿಯಿತು. ಹಳೆಯ ಗಾಯದ ಚರ್ಮ ಹುಣ್ಣಾಗಿ, ಹುಣ್ಣು ಕ್ಯಾನ್ಸರ್ ಆಗಿ ಎಲುಬಿಗೆ ಇಳಿದಿತ್ತು. ಆಪರೇಷನ್ನಿನ ಹಂತ ದಾಟಿದೆ ಎಂದರು. "ಮೊದಲೇ ಬಂದಿದ್ದರೆ" ಎಂದು ಡಾಕ್ಟರು ಶುರುಮಾಡಿ, ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ದವಾಖಾನೆಯಲ್ಲಿ ಇಬ್ಬರೇ ಇದ್ದಾಗ ಅಕ್ಕ ತಾನಾಗಿ ಹೇಳಿದಳು. "ಸಂಜೂಗ ಗೊತ್ತಿತ್ತು. ದೀಪಾವಳಿ ಮುಂದ, ತಲಿ ಕಟ್ಟುಮುಂದ ಕನ್ನಡ್ಯಾಗ ನೋಡಿದ್ಳು. ಸೆರಗಿಗಿ ರಗತ ಹತ್ತಿತ್ತು. ಅಪ್ಪಗ ಹೇಳತೇನಿ ಅಂದ್ಳು. ನಾನ ಆಣಿ ಹಾಕಿಸಿದೆ. ನಿನ್ನ ಕುಣಿತ ಮುಗೀಲಿ, ಆಮ್ಯಾಲೆ ನಾನ ಹೇಳತೇನಿ ಅಂದೆ."

"ಸಣ್ಣ ಹುಡುಗಿ ಮ್ಯಾಲೆ ಇಂಥಾ ಭಾರ ಹಾಕತಾರೇನಕ್ಕಾ?"

"ತಪ್ಪಾತು." ಸೆರಗಿನ ಅಂಚು ಎಳೆದುಕೊಂಡು ಅಂದಳು: "ಇಲ್ಲೆ ಬಂದು ಮಲಗಿದ್ರ ಮತ್ತ ಎಲ್ಲಾರೂ ಬಿಚ್ಚಿ ನೋಡತಿದ್ರು. ಆಕೀ ಕುಣಿತ ನನಗ ಸಿಗತಿರಲಿಲ್ಲ. ನನಗ ಅದ ಬೇಕಿತ್ತು, ಬಸು."

ಅವಳು ನನ್ನ ಕೈ ಹಿಡಿದಳು. "ಒಂದ ಮಾತ ಕೊಡು. ಆಕಿ ತಾನ ಹೇಳಿದ್ರ ಬೈಬ್ಯಾಡ. ಹೇಳದಿದ್ರ ಕೇಳಬ್ಯಾಡ. ಮೊದಲ ಬಂದಿದ್ರ ಉಳೀತಿದ್ಳು ಅನ್ನೂ ಮಾತು ಆಕೀ ಕಿವಿಗಿ ಬೀಳಬಾರದು."

ಮಾತು ಕೊಟ್ಟೆ. ಮನೆಗೆ ಕರೆತಂದೆವು. ಬಹಳ ದಿನ ಇರಲಿಲ್ಲ.

ನಮ್ಮಲ್ಲಿ ಕೂಡಿಸಿ ಮಣ್ಣು ಮಾಡುತ್ತಾರೆ. ಹೆಂಗಸರು ಮೈ ತೊಳೆದು, ವಿಭೂತಿ ಹಚ್ಚಿ, ಹೊಸ ಸೀರೆ ಉಡಿಸಿ, ಗೋಡೆಗೆ ಒರಗಿಸಿ ಕೂಡಿಸಿದರು. ಸೆರಗು ಮಾತ್ರ ನಿಲ್ಲಲಿಲ್ಲ. ಹೊದಿಸಿದಷ್ಟೂ ಜಾರುತ್ತಿತ್ತು. ಅಂಗಳದ ತುಂಬ ಮಂದಿ ಇದ್ದರು. ಕೆಲವರು ನೋಡಿದರು, ಕೆಲವರು ಮುಖ ತಿರುಗಿಸಿದರು. ಯಾರಿಗೂ ತೋರಿಸುವುದಿಲ್ಲ ಎಂದಿದ್ದವಳು ಎಲ್ಲರ ಮುಂದೆ ಕೂತಿದ್ದಳು.

ಸಂಜನಾ ಒಳಗಿನಿಂದ ಪಿನ್ನಿನ ಡಬ್ಬಿ ತಂದಳು. "ಹಂಗ ನಿಂದರೂದಿಲ್ರಿ. ಸರೀರಿ" ಎಂದು ಹೆಂಗಸರನ್ನು ಸರಿಸಿ ಮುಂದೆ ಕೂತಳು. ಎಡಗಿವಿಯ ಮೇಲೆ, ಸೆರಗಿನ ಒಳಗೆ ಕೈ ಹಾಕಿ, ನೋಡದೆಯೇ ಆ ಒಂದು ಮುಷ್ಟಿ ಕೂದಲನ್ನು ಹುಡುಕಿದಳು. ಪಿನ್ನನ್ನು ಅಂಚಿಗೆ ಸಿಕ್ಕಿಸಿ, ಮಗುಚಿ, ಒಳಗೆ ತಳ್ಳಿದಳು. ಇನ್ನೊಂದು. ಮತ್ತೊಂದು. ಇಷ್ಟು ವರ್ಷ ಆ ಸೆರಗು ಹೇಗೆ ನಿಲ್ಲುತ್ತಿತ್ತೆಂದು ನನಗೆ ಆಗ ತಿಳಿಯಿತು. ಹೊತ್ತುಕೊಂಡು ಹೋಗುವಾಗ, ಕುಣಿಯಲ್ಲಿ ಇಳಿಸುವಾಗ ಅದು ಜಾರಲಿಲ್ಲ.

ಈಗ ಸಂಜನಾ ತಾನೇ ತುರುಬು ಕಟ್ಟಿಕೊಳ್ಳುತ್ತಾಳೆ. ಸುಜಾತಾ ಕಟ್ಟುತ್ತೇನೆಂದರೆ ಒಲ್ಲೆ ಅನ್ನುತ್ತಾಳೆ. ಸ್ಟೂಲು ಇನ್ನೂ ಗೋಡೆಯ ಕಡೆಗೇ ಇದೆ. ನಾನು ಶನಿವಾರ ಮಗ್ಗ ನಿಲ್ಲಿಸಿ ಬಂದು ಪಿನ್ನಿನ ಡಬ್ಬಿ ಹಿಡಿದು ಅವಳ ಹಿಂದೆ ನಿಲ್ಲುತ್ತೇನೆ. ಅವಳು ಹೇಳಿಲ್ಲ. ನಾನು ಕೇಳಿಲ್ಲ.

ಮೊನ್ನೆ ಕಟ್ಟುವುದನ್ನು ಅರ್ಧಕ್ಕೆ ನಿಲ್ಲಿಸಿ, ಎರಡೂ ಕೈ ತಲೆಯ ಮೇಲೆಯೇ ಇಟ್ಟುಕೊಂಡು, "ಅಪ್ಪಾ" ಎಂದಳು.

"ಹೇಳವಾ" ಎಂದೆ.

ಗೋಡೆಯನ್ನೇ ನೋಡುತ್ತಿದ್ದಳು. ಆಮೇಲೆ ಒಂದು ಕೈ ಹಿಂದಕ್ಕೆ ಚಾಚಿ, "ಪಿನ್ನ ಕೊಡು" ಎಂದಳು.

ಕೊಟ್ಟೆ. ಮುಗಿಸಿ, "ಹಿಂದ ಏನರ ಉಳದೈತೇನು?" ಎಂದು ಕೇಳಿದಳು. ಏನೂ ಇಲ್ಲ ಎಂದೆ. ಅಕ್ಕ ಇದ್ದಿದ್ದರೆ ಬೆರಳಾಡಿಸಿ ಒಂದು ಎಳೆಯನ್ನಾದರೂ ಹುಡುಕುತ್ತಿದ್ದಳು.